ಓದುಗರ ಪ್ರಶ್ನೆ: ನನಗೆ ರಕ್ಷಣೆ ಸಿಕ್ಕಿದೆ ಅಂತ ಗೊತ್ತಾಗುವುದು ಹೇಗೆ?

ಹಿಂದಿನ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ ‘ರಕ್ಷಣೆ ಬೇರೆ, ರಕ್ಷಣೆಯ ನಿಶ್ಚಯ ಬೇರೆ’ (ದೇವರು ಪಾಪದಿಂದ ಬಿಡಿಸುವುದು ಒಂದು, ಬಿಡಿಸಿದ್ದಾನೆ ಅಂತ ನಮಗೆ ಖಾತ್ರಿಯಾಗುವುದು ಇನ್ನೊಂದು) ಅಂತ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ. ತಪ್ಪಾಯಿತು ನೋಡಿ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಯಾರ ಹೆಸರನ್ನೂ ಹಾಕಿಲ್ಲ, ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ ಸರ್. ಹನ್ನೆರಡನೇ ವಯಸ್ಸಿನಲ್ಲಿ ಮಕ್ಕಳ ಕೂಟವೊಂದರಲ್ಲಿ ಬೋಧಕರು ಹೇಳಿಕೊಟ್ಟ ಪ್ರಾರ್ಥನೆ ಹೇಳಿ ಯೇಸುವನ್ನು ಅಂಗೀಕರಿಸಿದೆ. ಆಮೇಲೆ ಅದೇ ಪ್ರಾರ್ಥನೆಯನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವೇ ಇಲ್ಲ. ಎರಡು ದಿನ ಸಮಾಧಾನ ಇರುತ್ತದೆ. ಮೂರನೇ ದಿನ ‘ಅವತ್ತು ನಿಜವಾಗಿ ಮನಸ್ಸಿನಿಂದ ಹೇಳಿದೆಯಾ’ ಅನ್ನುವ ಪ್ರಶ್ನೆ ಶುರು. ಇದು ನಿಲ್ಲುವುದು ಯಾವಾಗ?

ಉತ್ತರ: ನೋಡಿ ಅಮ್ಮಾ, ನನ್ನ ಹತ್ತಿರ ಒಂದು ಹಳೆಯ ಬೈಬಲ್ ಇದೆ. ರಟ್ಟು ಕಿತ್ತುಹೋಗಿ ಟೇಪ್ ಅಂಟಿಸಿದ್ದೇನೆ. ಅದರ ಮೊದಲ ಖಾಲಿ ಹಾಳೆಯಲ್ಲಿ ನೀಲಿ ಇಂಕಿನಲ್ಲಿ ಒಂದು ತಾರೀಕು, ಪಕ್ಕದಲ್ಲಿ ‘ಈ ದಿನ ರಕ್ಷಣೆ ಹೊಂದಿದೆನು’ ಅಂತ ದಪ್ಪ ಅಕ್ಷರ. ಆ ತಾರೀಕಿನ ಮೇಲೆ ಒಂದು ಗೆರೆ. ಕೆಳಗೆ ಇನ್ನೊಂದು ತಾರೀಕು, ಅದರ ಮೇಲೂ ಗೆರೆ. ಮೂರನೆಯದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಮತ್ತೆ ಅಳಿಸಬೇಕಾಗುತ್ತದೆ ಅಂತ ಆಗಲೇ ಅನುಮಾನ ಇತ್ತು ಅಂತ ಕಾಣುತ್ತದೆ! ಹಾಗಾಗಿ ನಿಮ್ಮ ಪತ್ರವನ್ನು ನಾನು ಮೇಲಿಂದ ಕೂತು ಓದಲಿಲ್ಲ, ಪಕ್ಕದಲ್ಲಿ ಕೂತೇ ಓದಿದೆ.

ಒಂದು ಮಾತು ಹೇಳಿಬಿಡುತ್ತೇನೆ, ಕೆಲವು ಬೋಧಕರಿಗೆ ಬೇಜಾರಾಗಬಹುದು. ‘ಯೇಸುವೇ, ನಾನು ಪಾಪಿ, ನನ್ನ ಹೃದಯದೊಳಗೆ ಬಾ’ ಅಂತ ಒಬ್ಬರು ಹೇಳಿಕೊಟ್ಟು ಇನ್ನೊಬ್ಬರು ಹೇಳುವ ಆ ಸಿದ್ಧ ಪ್ರಾರ್ಥನೆ ಬೈಬಲಿನಲ್ಲಿ ಎಲ್ಲೂ ಇಲ್ಲ. ಪಂಚಾಶತ್ತಮ ಹಬ್ಬದ ದಿನ ಜನ ‘ನಾವೇನು ಮಾಡಬೇಕು’ ಅಂದಾಗ ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು ದೇವರ ಕಡೆಗೆ ತಿರುಗಿಕೊಳ್ಳಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿ ಅಂತ. ಫಿಲಿಪ್ಪಿಯ ಸೆರೆಮನೆಯ ಯಜಮಾನ ನಡುಗುತ್ತಾ ಅದನ್ನೇ ಕೇಳಿದಾಗ ಪೌಲ ಹೇಳಿದ್ದು ಕರ್ತನಾದ ಯೇಸುವನ್ನು ನಂಬು ಅಂತ. ಕೂಟದ ಕೊನೆಗೆ ಜನರನ್ನು ಮುಂದಕ್ಕೆ ಕರೆದು ಅಲ್ಲೇ ತೀರ್ಮಾನ ಮಾಡಿಸುವ ಪದ್ಧತಿ ಹೆಚ್ಚು ಹರಡಿದ್ದು ಅಮೆರಿಕದಲ್ಲಿ, 1830ರ ಆಸುಪಾಸಿನಲ್ಲಿ, ಚಾರ್ಲ್ಸ್ ಫಿನ್ನಿ ಎಂಬ ಬೋಧಕರ ಕೂಟಗಳಿಂದ. ಅವರು ಮುಂದಿನ ಸಾಲಿನಲ್ಲಿ ಒಂದು ಬೆಂಚು ಇಡಿಸುತ್ತಿದ್ದರು. ಆತ್ಮದ ಬಗ್ಗೆ ಕಳವಳ ಇದ್ದವರು ಬಂದು ಅಲ್ಲಿ ಕೂರಬೇಕು.

ಆ ಪ್ರಾರ್ಥನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ ಆ ನಾಲ್ಕು ಮಾತಿನಿಂದಲೇ ದೇವರ ಕಡೆ ತಿರುಗಿದ್ದಾರೆ. ಅದು ಪಾಸ್‌ವರ್ಡ್ ತರ ಆದಾಗ ಕಷ್ಟ ಶುರು. ಒಂದು ಅಕ್ಷರ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ಮತ್ತೆ ಒತ್ತು, ಮತ್ತೆ ಒತ್ತು. ನೀವು ಈಗ ಮಾಡುತ್ತಿರುವುದು ಅದೇ ಅಲ್ವಾ?

‘ಮನಸ್ಸಿನಿಂದ ಹೇಳಿದೆನಾ’ ಅನ್ನುವುದಕ್ಕೆ ಬರೋಣ. ಪೂರ್ತಿ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಯಾರು ತಾನೇ ಹೇಳಿದ್ದಾರೆ? ಮಾರ್ಕನ ಸುವಾರ್ತೆ 9ರಲ್ಲಿ ಮೂರ್ಛೆ ಬೀಳುವ ಹುಡುಗನ ಅಪ್ಪ ಇದ್ದಾನೆ. ಅವನು ಯೇಸುವಿಗೆ ಹೇಳಿದ್ದು, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ. ಒಂದೇ ಉಸಿರಿನಲ್ಲಿ ಎರಡೂ. ಯೇಸು ಅವನಿಗೆ ‘ಹೋಗು, ನಂಬಿಕೆ ನೂರಕ್ಕೆ ನೂರು ಆದಮೇಲೆ ಬಾ’ ಅನ್ನಲಿಲ್ಲ. ಹುಡುಗನ ಕೈಹಿಡಿದು ಎಬ್ಬಿಸಿದ.

ಇನ್ನೊಂದು ಕಥೆ ನಿಮಗೆ ಬಾಯಿಪಾಠ ಇರುತ್ತದೆ, ಆದರೂ ಸ್ವಲ್ಪ ನಿಧಾನಕ್ಕೆ ನೋಡಿ. ಲೂಕ 18ರಲ್ಲಿ ದೇವಾಲಯಕ್ಕೆ ಬಂದ ಸುಂಕದವನು ದೂರದಲ್ಲೇ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು, ದೇವರೇ ಪಾಪಿಯಾದ ನನ್ನನ್ನು ಕರುಣಿಸು ಅಂದ. ಅವನು ನೀತಿವಂತನೆಂದು ಎಣಿಸಿಕೊಂಡು ಮನೆಗೆ ಹೋದ ಅಂತ ಯೇಸು ಹೇಳುತ್ತಾನೆ. ಯಾರಿಗೆ ಹೇಳುತ್ತಾನೆ? ಕಥೆ ಕೇಳುತ್ತಿದ್ದವರಿಗೆ. ಆ ಸುಂಕದವನಿಗೆ ಯಾರಾದರೂ ಹೇಳಿದರಾ? ಕಥೆಯಲ್ಲಿ ಆಕಾಶವಾಣಿ ಇಲ್ಲ, ಮೈ ಬಿಸಿಯಾಗಲಿಲ್ಲ, ಯಾಜಕ ಬಂದು ಬೆನ್ನು ತಟ್ಟಲಿಲ್ಲ. ಬಹುಶಃ ಬಂದ ಹಾಗೇ ತಲೆ ತಗ್ಗಿಸಿಕೊಂಡೇ ಹೋದ. ತೀರ್ಪು ಮಾತ್ರ ಆಗಲೇ ಅವನ ಕಡೆಗೆ ಆಗಿತ್ತು. ಅವನಿಗೆ ಗೊತ್ತಾಗುವುದಕ್ಕೂ ಅದು ಆಗುವುದಕ್ಕೂ ನಡುವೆ ಅಷ್ಟು ದಾರಿ ಇತ್ತು. ‘ರಕ್ಷಣೆ ಬೇರೆ, ನಿಶ್ಚಯ ಬೇರೆ’ ಅಂತ ನಾನು ಬರೆದದ್ದು ಈ ಅರ್ಥದಲ್ಲಿ.

ಹಾಗಂತ ಗೊತ್ತಾಗದೇ ಇದ್ದರೂ ಪರವಾಗಿಲ್ಲ ಅಂತ ಬಿಟ್ಟುಬಿಡುವುದಲ್ಲ. ಯೋಹಾನನ ಮೊದಲ ಪತ್ರ 5:13 ತೆಗೆಯಿರಿ. ದೇವಕುಮಾರನನ್ನು ನಂಬಿದ ನಿಮಗೆ ನಿತ್ಯಜೀವ ಉಂಟು ಅಂತ ಗೊತ್ತಾಗಲಿ ಎಂದೇ ಇದನ್ನು ಬರೆದಿದ್ದೇನೆ ಅನ್ನುತ್ತಾನೆ. ಆ ಸಭೆಯಿಂದ ಕೆಲವರು ಎದ್ದು ಹೊರಟುಹೋಗಿದ್ದರು, ಉಳಿದವರಿಗೆ ತಲೆ ಕೆಟ್ಟಿತ್ತು. ಅಂಥವರಿಗೆ ಬರೆದ ಪತ್ರ ಅದು. ಪ್ರೀತಿ ಇದೆಯಾ, ಬೆಳಕಿನಲ್ಲಿ ನಡೆಯುತ್ತಿದ್ದೀರಾ, ಯೇಸುವನ್ನು ಒಪ್ಪಿಕೊಂಡಿದ್ದೀರಾ ಅಂತ ಅವನು ಕೇಳುವುದು ನಿಜ. ಆದರೆ ನಿಮ್ಮಂಥವರು ಅದನ್ನು ಪ್ರಶ್ನೆಪತ್ರಿಕೆ ಮಾಡಿಕೊಂಡು, ತಾವೇ ಬರೆದು ತಾವೇ ತಿದ್ದಿ ತಮಗೇ ಸೊನ್ನೆ ಹಾಕಿಕೊಳ್ಳುತ್ತಾರೆ. ಅದಕ್ಕೇ ಇರಬೇಕು 3:20ರಲ್ಲಿ, ನಮ್ಮ ಹೃದಯವೇ ನಮ್ಮ ಮೇಲೆ ತಪ್ಪು ಹೊರಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅಂತ ಸೇರಿಸಿದ್ದಾನೆ.

ಈಗ ಮಾಡಬೇಕಾದ್ದು. ಒಂದು ತಿಂಗಳು ಆ ಪ್ರಾರ್ಥನೆ ಮಾಡಬೇಡಿ. ಪಾಸ್ಟರ್ ಮುಂದಕ್ಕೆ ಕರೆದರೂ ಸುಮ್ನೆ ಕೂತಿರಿ. ಅನುಮಾನ ಬಂದಾಗ ಒಂದೇ ಸಲ, ‘ಕರ್ತನೇ, ಅವತ್ತಿನದು ನನಗೆ ಗೊತ್ತಿಲ್ಲ, ಇವತ್ತು ನಿನ್ನನ್ನೇ ನೆಚ್ಚಿಕೊಂಡಿದ್ದೇನೆ’ ಅಂದು ಎದ್ದು ನಿಮ್ಮ ಕೆಲಸಕ್ಕೆ ಹೋಗಿ. ನನ್ನ ಬಳಿಗೆ ಬರುವವರನ್ನು ತಳ್ಳಿಬಿಡುವುದೇ ಇಲ್ಲ ಅಂದವನು (ಯೋಹಾನ 6:37) ಯಾವ ತಾರೀಕಿಗೆ ಬಂದಿರಿ ಅಂತ ಕೇಳಿಲ್ಲ.

ಪ್ರಶ್ನೆ: ಸಾಕ್ಷಿ ಹೇಳುವಾಗ ಎಲ್ಲರೂ ‘ಇಂಥ ದಿನ, ಇಂಥ ಗಂಟೆಗೆ’ ಅನ್ನುತ್ತಾರೆ. ನಾನು ಹುಟ್ಟಿದ್ದೇ ವಿಶ್ವಾಸಿಗಳ ಮನೆಯಲ್ಲಿ. ನನಗೆ ಅಂಥ ದಿನವೇ ಇಲ್ಲ. ತೊಂದರೆಯೇ?

ಉತ್ತರ: ಇಲ್ಲ. ಪೇತ್ರ ರಕ್ಷಣೆ ಹೊಂದಿದ ದಿನ ಯಾವುದು ಹೇಳಿ ನೋಡೋಣ? ಬಲೆ ಬಿಟ್ಟು ಹೊರಟ ದಿನವಾ, ‘ನೀನು ಕ್ರಿಸ್ತ’ ಅಂದ ದಿನವಾ, ಕೋಳಿ ಕೂಗಿದ ಮೇಲೆ ಅತ್ತ ದಿನವಾ? ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಅಂತ ಪೌಲ ಬರೆಯುತ್ತಾನೆಯೇ ಹೊರತು ಗಂಟೆ ಕೇಳುವುದಿಲ್ಲ. ಪೌಲನಿಗೇನೋ ದಮಸ್ಕದ ದಾರಿಯಲ್ಲಿ ಮಟಮಟ ಮಧ್ಯಾಹ್ನ ಯೇಸುವಿನ ದರ್ಶನ ಆಯಿತು. ಎಲ್ಲರಿಗೂ ಹಾಗೇ ಆಗಬೇಕು ಅಂತ ಅವನೇ ಎಲ್ಲೂ ಹೇಳಿಲ್ಲ. ಬೆಳಗಾದದ್ದು ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲದಿದ್ದರೂ ಈಗ ಬೆಳಕಿದೆಯೋ ಇಲ್ಲವೋ ಗೊತ್ತಾಗುತ್ತದಲ್ಲ. ಸಾಕ್ಷಿ ಹೇಳುವ ಸರದಿ ಬಂದರೆ ಇರುವುದನ್ನು ಇದ್ದ ಹಾಗೆ ಹೇಳಿ. ದಯವಿಟ್ಟು ಒಂದು ತಾರೀಕು ಕಟ್ಟಬೇಡಿ.

ಪ್ರಶ್ನೆ: ಆರಾಧನೆಯಲ್ಲಿ ಪಕ್ಕದವರು ಅಳುತ್ತಾರೆ, ನಗುತ್ತಾರೆ. ನನಗೆ ಏನೂ ಅನ್ನಿಸುವುದಿಲ್ಲ. ವೆಸ್ಲಿಯವರಿಗೆ ಎದೆ ಬೆಚ್ಚಗಾಯಿತಂತೆ. ಪವಿತ್ರಾತ್ಮ ಸಾಕ್ಷಿ ಕೊಡುತ್ತಾನೆ ಅಂತ ಬೈಬಲ್ ಹೇಳುತ್ತದೆ. ನನಗೆ ಯಾಕೆ ಕೊಡುತ್ತಿಲ್ಲ?

ಉತ್ತರ: ವೆಸ್ಲಿಯವರ ಕಥೆಯನ್ನು ಜನ ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ. ಪೂರ್ತಿ ಹೇಳುತ್ತೇನೆ ಕೇಳಿ.

ಮುಂದೆ ಮೆಥಡಿಸ್ಟ್ ಪಂಥ ಶುರುಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ 1736ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಬಂದಿಳಿದಾಗ ಆಗಲೇ ದೀಕ್ಷೆ ಪಡೆದ ಗುರುಗಳು. ಅಲ್ಲಿ ಸ್ಪಾಂಗೆನ್‌ಬರ್ಗ್ ಎಂಬ ಮೊರಾವಿಯನ್ ಸಭೆಯ ಹಿರಿಯರು ಅವರನ್ನು ಕೇಳಿದರು: ಯೇಸು ಕ್ರಿಸ್ತನನ್ನು ಬಲ್ಲಿರಾ? ವೆಸ್ಲಿ ಸ್ವಲ್ಪ ತಡೆದು, ಆತನು ಲೋಕರಕ್ಷಕನೆಂದು ಬಲ್ಲೆ ಅಂದರು. ಸರಿ, ಆದರೆ ನಿಮ್ಮನ್ನು ರಕ್ಷಿಸಿದ್ದಾನೆಂದು ಬಲ್ಲಿರಾ? ನನ್ನನ್ನು ರಕ್ಷಿಸಲು ಸತ್ತನೆಂದು ನಿರೀಕ್ಷಿಸುತ್ತೇನೆ ಅಂದರು. ಕೊನೆಗೆ ‘ಬಲ್ಲೆ’ ಅಂತಲೂ ಅಂದರು, ಆದರೆ ಅದು ಬರೀ ಬಾಯಿಮಾತೇನೋ ಎಂದು ದಿನಚರಿಯಲ್ಲಿ ಬರೆದುಕೊಂಡರು. ಎರಡು ವರ್ಷ ಕಳೆದು, 1738ರ ಮೇ 24ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಅವರು ಹೋದದ್ದು ಮನಸ್ಸಿಲ್ಲದ ಮನಸ್ಸಿನಿಂದ. ಯಾರೋ ರೋಮಾಪುರದವರ ಪತ್ರಕ್ಕೆ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ವಿಚಿತ್ರವಾಗಿ ಬೆಚ್ಚಗಾಯಿತು.

ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಏಳು ತಿಂಗಳ ಮೇಲೆ, 1739ರ ಜನವರಿ 4ರಂದು, ಅದೇ ವೆಸ್ಲಿ ಅದೇ ದಿನಚರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಅಂತ ಬರೆದಿದ್ದಾರೆ. ಬೆಚ್ಚಗಾದದ್ದು ತಣ್ಣಗೂ ಆಗುತ್ತದೆ ಮಾರಾಯರೇ. ವಯಸ್ಸಾದ ಮೇಲೆ ಅವರು ಈ ವಿಷಯದಲ್ಲಿ ಬಹಳ ಮೆತ್ತಗಾದರು. ನಿಶ್ಚಯ ಇಲ್ಲದವರೆಲ್ಲ ದೇವರ ಕೋಪಕ್ಕೆ ಒಳಗಾದವರು ಅನ್ನುವ ಹಳೆಯ ಹಟ ಬಿಟ್ಟರು.

ಇನ್ನೊಬ್ಬರು ಇದ್ದರು, ವಿಲಿಯಂ ಕೂಪರ್ ಅಂತ, ಇಂಗ್ಲಿಷ್ ಕವಿ. ಜಾನ್ ನ್ಯೂಟನ್ ಎಂಬ ಬೋಧಕರ ಜೊತೆ ಸೇರಿ 1779ರಲ್ಲಿ ಭಕ್ತಿಗೀತೆಗಳ ಪುಸ್ತಕ ತಂದವರು. ಅವರ ಹಾಡುಗಳಿಂದ ಎಷ್ಟು ಸಭೆಗಳು ಧೈರ್ಯ ತಂದುಕೊಂಡಿವೆಯೋ! 1773ರಲ್ಲಿ ಅವರಿಗೊಂದು ಕನಸು ಬಿತ್ತು, ನಿನ್ನ ಕಥೆ ಮುಗಿಯಿತು ಅಂತ ಒಂದು ಧ್ವನಿ. ಅಲ್ಲಿಂದ 1800ರಲ್ಲಿ ಸಾಯುವವರೆಗೆ ದೇವರು ತನ್ನನ್ನು ಕೈಬಿಟ್ಟಿದ್ದಾನೆ ಅನ್ನುವುದು ಅವರ ಮನಸ್ಸಿನಿಂದ ಹೋಗಲೇ ಇಲ್ಲ. ಆ ಕಾಯಿಲೆಯ ದಿನಗಳಲ್ಲಿ ನ್ಯೂಟನ್ ಅವರನ್ನು ವರ್ಷಕ್ಕೂ ಜಾಸ್ತಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಕೂಪರ್ ರಕ್ಷಣೆ ಹೊಂದಲಿಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಅವರ ಮನಸ್ಸಿಗೆ ಕಾಯಿಲೆ ಇತ್ತು, ಮತ್ತು ಕಾಯಿಲೆಯ ಮಾತನ್ನು ಅವರು ದೇವರ ಮಾತು ಅಂದುಕೊಂಡರು.

ಪವಿತ್ರಾತ್ಮನ ಸಾಕ್ಷಿಯ ವಿಷಯ. ರೋಮಾಪುರದವರಿಗೆ 8:16 ಓದುವಾಗ ಒಂದು ವಚನ ಹಿಂದಕ್ಕೆ ಹೋಗಿ. ಆ ಆತ್ಮ ಬಂದವರು ‘ಅಪ್ಪಾ, ತಂದೆಯೇ’ ಅಂತ ಕೂಗುತ್ತಾರೆ ಅಂತಿದೆ. ಕೂಗುವುದು! ಕಷ್ಟದಲ್ಲಿ ಇರುವವರು ತಾನೇ ಕೂಗುವುದು? ನಿಮಗೆ ಏನೂ ಅನ್ನಿಸದ ಹೊತ್ತಿನಲ್ಲೂ ದೂರು ಕೊಡಲು ನೀವು ಹೋದದ್ದು ಯಾರ ಹತ್ತಿರ? ಅದೇ ಸಾಕ್ಷಿ ಅಂತ ನನ್ನ ಲೆಕ್ಕ.

ಮತ್ತೆ, ಎಫೆಸದವರಿಗೆ 1:14ರಲ್ಲಿ ಪವಿತ್ರಾತ್ಮನನ್ನು ನಮ್ಮ ಹಳೆಯ ಕನ್ನಡ ಬೈಬಲ್ ‘ಸಂಚಕಾರ’ ಅಂತ ಕರೆದಿದೆ. ಈಗ ನಾವು ಆ ಮಾತನ್ನು ‘ಜೀವಕ್ಕೆ ಸಂಚಕಾರ’ ಅಂತ ಮಾತ್ರ ಬಳಸುವುದರಿಂದ ಒಬ್ಬ ಹುಡುಗ ನನ್ನ ಹತ್ತಿರ ಬಂದು ಗಾಬರಿಯಿಂದ ಕೇಳಿದ್ದ, ಪವಿತ್ರಾತ್ಮ ನಮಗೆ ಅಪಾಯವಾ ಅಂತ! ಹಳೆಯ ಅರ್ಥ ಮುಂಗಡ ಹಣ. ವ್ಯಾಪಾರ ಮಾತಾಡಿ, ಇದು ನನ್ನದೇ, ಬಾಕಿ ಕೊಟ್ಟು ಒಯ್ಯುತ್ತೇನೆ ಅಂತ ಕೈಗೆ ಇಡುವ ದುಡ್ಡು. ಮುಂಗಡ ಅಂದಮೇಲೆ ಪೂರ್ತಿ ಇನ್ನೂ ಬಂದಿಲ್ಲ ಅಂತಲೇ ಅಲ್ವಾ? ಹಾಗಾಗಿ ಈಗಲೇ ಪೂರ್ತಿ ಸಂತೋಷ ಕೈಗೆ ಸಿಗದಿದ್ದರೆ ವ್ಯಾಪಾರ ಮುರಿದುಬಿತ್ತು ಅಂದುಕೊಳ್ಳಬೇಡಿ.

ಪ್ರಶ್ನೆ: ನಾನು ಕಥೋಲಿಕ. ಬೇರೆ ಸಭೆಯ ಗೆಳೆಯ ‘ಈ ರಾತ್ರಿ ಸತ್ತರೆ ಸ್ವರ್ಗಕ್ಕೆ ಹೋಗುತ್ತೀಯಾ’ ಅಂತ ಕೇಳಿದ. ‘ದೇವರ ದಯೆಯಿಂದ ಹೋಗುತ್ತೇನೆ ಅಂತ ನಿರೀಕ್ಷೆ’ ಅಂದೆ. ‘ನಿರೀಕ್ಷೆ ಅಂದರೆ ನಿನಗೆ ರಕ್ಷಣೆ ಇಲ್ಲ’ ಅಂದ. ಫಾದರ್ ಹತ್ತಿರ ಕೇಳಿದರೆ ಖಂಡಿತ ಹೋಗುತ್ತೇನೆ ಅನ್ನುವುದು ಅಹಂಕಾರ ಅಂದರು. ಯಾರು ಸರಿ?

ಉತ್ತರ: ನಾನು ಪ್ರೊಟೆಸ್ಟೆಂಟ್, ಅದು ನಿಮಗೆ ಗೊತ್ತಿರಲಿ. ಆದರೂ ನಿಮ್ಮ ಗೆಳೆಯ ದುಡುಕಿದ ಅಂತಲೇ ಹೇಳುತ್ತೇನೆ.

ಜಗಳ ಹಳೆಯದು. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಹೊರಡಿಸಿದ ತೀರ್ಮಾನದ ಪ್ರಕಾರ, ದೇವರೇ ವಿಶೇಷವಾಗಿ ತಿಳಿಸದ ಹೊರತು ಕೊನೆಯವರೆಗೆ ತಾಳುತ್ತೇನೆಂದು ಯಾರೂ ತಪ್ಪೇ ಆಗದಷ್ಟು ಖಚಿತವಾಗಿ ಹೇಳುವಂತಿಲ್ಲ. ಆದರೆ ಅದೇ ಸಭೆ ದೇವರ ಸಹಾಯದಲ್ಲಿ ಎಲ್ಲರೂ ಗಟ್ಟಿಯಾದ ನಿರೀಕ್ಷೆ ಇಡಬೇಕು ಅಂತಲೂ ಹೇಳಿದೆ, ಇದನ್ನು ನಮ್ಮವರು ಹೇಳುವುದಿಲ್ಲ. ನಮ್ಮ ಕಡೆ, ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ನಂಬಿಕೆ ಅಂದರೇನೇ ದೇವರ ದಯೆಯ ಬಗ್ಗೆ ಗಟ್ಟಿ ಅರಿವು ಅಂದರು. ಅವರೇ ಮುಂದೆ, ವಿಶ್ವಾಸಿಗಳು ತಮ್ಮ ಅಪನಂಬಿಕೆಯ ಜೊತೆ ಸದಾ ಹೋರಾಡುತ್ತಾರೆ ಅಂತಲೂ ಸೇರಿಸಿದರು. ನೂರು ವರ್ಷದ ಮೇಲೆ, 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಪ್ರೊಟೆಸ್ಟೆಂಟ್ ಗುರುಗಳು ನಿಜವಾದ ವಿಶ್ವಾಸಿ ಕೂಡ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದು ಅಂತ ಬರೆದರು. ಅಂದರೆ ಪ್ರೊಟೆಸ್ಟೆಂಟರ ವಿಶ್ವಾಸಪ್ರಮಾಣದ ಪ್ರಕಾರವೇ ನಿಮ್ಮ ಗೆಳೆಯನ ಮಾತು ನಿಲ್ಲುವುದಿಲ್ಲ.

ವ್ಯತ್ಯಾಸ ಇಲ್ಲ ಅಂತ ನಾನು ಹೇಳುವುದಿಲ್ಲ, ಇದೆ. ರಕ್ಷಣೆ ನನ್ನ ಮೇಲೆ ಒಂದಿಷ್ಟಾದರೂ ನಿಂತಿದ್ದರೆ ಖಚಿತ ಅನ್ನುವುದು ಅಹಂಕಾರವೇ, ಫಾದರ್ ಮಾತು ಸರಿ. ಪೂರ್ತಿ ಕ್ರಿಸ್ತನ ಮೇಲೆ ನಿಂತಿದ್ದರೆ ಖಚಿತ ಇಲ್ಲ ಅನ್ನುವುದು ಆತನ ಮೇಲೆ ಅನುಮಾನ ಆಗುತ್ತದೆ. ನಾನು ಎರಡನೆಯದರ ಕಡೆ.

ಆದರೂ ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಉತ್ತರ ನಿಮ್ಮ ಕಡೆಯದೇ. 1431ರಲ್ಲಿ ಫ್ರಾನ್ಸಿನ ರೂವಾನ್‌ನಲ್ಲಿ, ಇಂಗ್ಲಿಷರ ವಿರುದ್ಧ ಸೈನ್ಯ ನಡೆಸಿದ್ದ ಜೋನ್ ಆಫ್ ಆರ್ಕ್ ವಿಚಾರಣೆ ನಡೆಯಿತು. ಓದು ಬರಹ ಬಾರದ, ಸುಮಾರು ಹತ್ತೊಂಬತ್ತು ವರ್ಷದ ಹುಡುಗಿ. ಎದುರಿಗೆ ದೊಡ್ಡ ದೊಡ್ಡ ಪಂಡಿತರು. ‘ನೀನು ದೇವರ ಕೃಪೆಯಲ್ಲಿ ಇದ್ದೀಯಾ’ ಅಂತ ಕೇಳಿದರು. ಹೌದು ಅಂದರೆ ಯಾರಿಗೂ ತಿಳಿಯದ್ದು ನಿನಗೆ ಹೇಗೆ ತಿಳಿಯಿತು ಅಂತ ಹಿಡಿಯುತ್ತಾರೆ, ಇಲ್ಲ ಅಂದರೆ ತಪ್ಪೊಪ್ಪಿಕೊಂಡ ಹಾಗೆ. ಆಕೆ ಹೇಳಿದ್ದು: ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿ ಸೇರಿಸಲಿ, ಇದ್ದರೆ ಅಲ್ಲೇ ಉಳಿಸಲಿ. ಮುಂದಿನ ಸಲ ಗೆಳೆಯ ಕೇಳಿದರೆ ಇದನ್ನೇ ಹೇಳಿ.

ಪ್ರಶ್ನೆ: ನನ್ನ ಗಂಡ ಸಭೆಯಲ್ಲಿ ‘ನಾನು ರಕ್ಷಣೆ ಹೊಂದಿದವನು, ಒಮ್ಮೆ ಹೊಂದಿದ ಮೇಲೆ ಕಳೆದುಹೋಗುವುದಿಲ್ಲ’ ಅಂತ ಗಟ್ಟಿಯಾಗಿ ಸಾಕ್ಷಿ ಹೇಳುತ್ತಾರೆ. ಮನೆಗೆ ಬಂದು ಹೊಡೆಯುತ್ತಾರೆ. ಕೇಳಿದರೆ ದೇವರು ಕ್ಷಮಿಸಿದ್ದಾನೆ ಅನ್ನುತ್ತಾರೆ.

ಉತ್ತರ: ಅಮ್ಮಾ, ಅವರದ್ದು ನಿಶ್ಚಯ ಅಲ್ಲ, ನೆಪ. ಕಣ್ಣಿಗೆ ಕಾಣುವವರನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸುತ್ತೇನೆ ಅಂದರೆ ಸುಳ್ಳುಗಾರ ಅಂತ ಯೋಹಾನ ಬರೆದಿದ್ದಾನೆ, ನಿಶ್ಚಯದ ಬಗ್ಗೆ ಬರೆದ ಅದೇ ಪತ್ರದಲ್ಲಿ. ‘ಕರ್ತನೇ ಕರ್ತನೇ’ ಅಂದವರಿಗೆ ಯೇಸು ‘ನಿಮ್ಮನ್ನು ಅರಿಯೆ’ ಅನ್ನುವುದು ಮತ್ತಾಯ 7ರಲ್ಲಿ ಇದೆ. ಆ ಅಧ್ಯಾಯವನ್ನು ಮೇಲೆ ಪತ್ರ ಬರೆದ ಆ ಅಂಜುಬುರುಕ ಮಕ್ಕಳು ದಿನಾ ಓದಿ ನಡುಗುತ್ತಾರೆ, ಓದಬೇಕಾದವರು ಓದುವುದಿಲ್ಲ.

ಅವರ ಆತ್ಮದ ಲೆಕ್ಕ ಆಮೇಲೆ ನೋಡೋಣ. ಮೊದಲು ನೀವು, ಮಕ್ಕಳಿದ್ದರೆ ಅವರೂ, ಹೊಡೆತ ಬೀಳದ ಜಾಗಕ್ಕೆ ಹೋಗಿ. ನಂಬುವ ಒಬ್ಬರಿಗಾದರೂ ಇವತ್ತೇ ಹೇಳಿ, ಪೊಲೀಸರ ಸಹಾಯ ಕೇಳಿ. ‘ಸಹಿಸಿಕೋ, ಪ್ರಾರ್ಥನೆ ಮಾಡು’ ಅಂತ ಯಾವ ಪಾಸ್ಟರ್ ಹೇಳಿದರೂ ಆ ಮಾತಿಗೆ ಕಿವಿ ಕೊಡಬೇಡಿ. ಕ್ಷಮೆಗೂ ಹೊಡೆಸಿಕೊಳ್ಳುವುದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನನ್ನ ಮಗನಿಗೆ 19. ಪವಿತ್ರಾತ್ಮನ ಮೇಲೆ ಕೆಟ್ಟ ಮಾತು ತಲೆಯೊಳಗೆ ತಾನಾಗಿಯೇ ಬರುತ್ತದಂತೆ, ಕ್ಷಮಿಸಲಾಗದ ಪಾಪ ಮಾಡಿಬಿಟ್ಟೆ ಅಂತ ಅಳುತ್ತಾನೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ‘ಅಮ್ಮಾ, ದೇವರು ನನ್ನನ್ನು ಕ್ಷಮಿಸಿದ್ದಾನಾ’ ಅನ್ನುತ್ತಾನೆ. ಹೌದು ಕಂದ ಅಂತೀನಿ. ಹತ್ತು ನಿಮಿಷಕ್ಕೆ ಮತ್ತೆ ಬರುತ್ತಾನೆ.

ಉತ್ತರ: ಮೊದಲು ಬೈಬಲಿನ ಮಾತು ಮುಗಿಸಿಬಿಡೋಣ. ಕ್ಷಮಿಸಲಾಗದ ಪಾಪದ ಮಾತು ಬಂದ ಸಂದರ್ಭ ಮಾರ್ಕ 3ರಲ್ಲಿದೆ. ಯೇಸು ದೆವ್ವ ಬಿಡಿಸುವುದನ್ನು ಎದುರಿಗೇ ನೋಡಿ, ಇದು ಸೈತಾನನ ಕೆಲಸ ಅಂತ ಶಾಸ್ತ್ರಿಗಳು ಬೇಕೆಂದೇ ಹೇಳಿದರು. ಅವರು ಹೀಗೆ ಹೇಳಿದ್ದಕ್ಕೇ ಯೇಸು ಆ ಮಾತು ಆಡಿದ ಅಂತ ಮಾರ್ಕನೇ 30ನೇ ವಚನದಲ್ಲಿ ಬಿಡಿಸಿ ಹೇಳಿದ್ದಾನೆ. ಅವರಲ್ಲಿ ಒಬ್ಬನೂ ರಾತ್ರಿ ಎರಡಕ್ಕೆ ಎದ್ದು ಅಳಲಿಲ್ಲ. ನಿಮ್ಮ ಮಗ ಅಳುತ್ತಿದ್ದಾನೆ. ಬೇಡ ಬೇಡ ಅಂದರೂ ತಲೆಗೆ ನುಗ್ಗುವ ಮಾತಿಗೂ, ಬೇಕೆಂದು ಆಡುವ ಮಾತಿಗೂ ಅಜಗಜಾಂತರ.

ಆದರೆ ಇದನ್ನು ನೀವು ಅವನಿಗೆ ವಿವರಿಸಿದರೂ ಹತ್ತು ನಿಮಿಷದ ಮೇಲೆ ಮತ್ತೆ ಬರುತ್ತಾನೆ. ಯಾಕಂದರೆ ಇದು ಗೀಳು ಕಾಯಿಲೆಯ ಲಕ್ಷಣದ ಹಾಗೆ ಕಾಣುತ್ತಿದೆ, ಡಾಕ್ಟರ್‌ಗಳು ಒಸಿಡಿ ಅನ್ನುತ್ತಾರಲ್ಲ, ಅದು. ಕೆಲವರಿಗೆ ಅದು ಕೈ ತೊಳೆಯುವುದರಲ್ಲಿ ಹಿಡಿಯುತ್ತದೆ, ಭಕ್ತಿ ಇದ್ದವರಿಗೆ ಪಾಪ ತೊಳೆಯುವುದರಲ್ಲಿ. ಮನೋವೈದ್ಯರನ್ನು ಕಾಣಿ. ಔಷಧಿಯೂ ಇದೆ, ಮಾತುಕತೆಯ ಚಿಕಿತ್ಸೆಯೂ ಇದೆ. ಡಾಕ್ಟರ್ ಹತ್ತಿರ ಹೋಗುವುದು ಅಪನಂಬಿಕೆ ಅಂತ ಯಾರಾದರೂ ಅಂದರೆ ಕನ್ನಡಕ ಹಾಕಿಕೊಳ್ಳುವುದೂ ಅಪನಂಬಿಕೆಯಾ ಅಂತ ಕೇಳಿ.

ಅವನೊಬ್ಬನಿಗೇ ಬಂದದ್ದಲ್ಲ ಇದು, ಅಂತ ಅವನಿಗೆ ಹೇಳಿ. ಜಾನ್ ಬನ್ಯನ್ ಎಂಬ ಇಂಗ್ಲೆಂಡಿನ ಬೋಧಕರ ತಲೆಯಲ್ಲಿ ‘ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು’ ಅನ್ನುವ ಮಾತು ಸುಮಾರು ಒಂದು ವರ್ಷ ಬಿಡದೆ ತಿರುಗುತ್ತಿತ್ತು. ಒಂದು ದಿನ ಸಾಕಾಗಿ ‘ಹೋದರೆ ಹೋಗಲಿ’ ಅಂತ ಮನಸ್ಸಿನಲ್ಲೇ ಅಂದುಬಿಟ್ಟರು. ಆಮೇಲೆ ತಾನು, ಒಂದೂಟಕ್ಕೆ ಹಿರಿಮಗನ ಹಕ್ಕು ಮಾರಿದ ಏಸಾವನ ಹಾಗೆ, ಹಕ್ಕು ಮಾರಿಕೊಂಡೆ ಅಂತ ಎಷ್ಟೋ ಕಾಲ ಒದ್ದಾಡಿದರು. ಒಮ್ಮೆ ಹೊಲದಲ್ಲಿ ನಡೆಯುತ್ತಿದ್ದಾಗ, ನಿನ್ನ ನೀತಿ ಪರಲೋಕದಲ್ಲಿದೆ ಅನ್ನುವ ಮಾತು ಮನಸ್ಸಿಗೆ ಬಂತು. ಅದು ನನ್ನ ತಲೆಯಲ್ಲಿಲ್ಲ, ಅಲ್ಲಿದೆ. ನನ್ನ ಮನಸ್ಸು ಚೆನ್ನಾಗಿದ್ದರೆ ಅದು ಹೆಚ್ಚಾಗುವುದಿಲ್ಲ, ಕೆಟ್ಟರೆ ಕಡಿಮೆಯಾಗುವುದಿಲ್ಲ. ಇದನ್ನೆಲ್ಲ ಅವರೇ 1666ರಲ್ಲಿ ಬರೆದಿಟ್ಟಿದ್ದಾರೆ.

ಮುಂದೆ ಕಥೋಲಿಕರ ಜೆಸ್ವಿಟ್ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಕಥೆಯೂ ಇದೇ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದ್ದಾಗ ಹೇಳಿದ ಪಾಪವನ್ನೇ ಮತ್ತೆ ಮತ್ತೆ ನಿವೇದನೆ ಮಾಡುತ್ತಿದ್ದರು. ಗುರುಗಳು ‘ತೀರಾ ಸ್ಪಷ್ಟವಾಗಿ ನೆನಪಿರುವುದನ್ನು ಬಿಟ್ಟು ಹಳೆಯದನ್ನು ಹೇಳಬೇಡ’ ಅಂದರು. ಪಾಪ, ಅವರಿಗೆ ಎಲ್ಲವೂ ತೀರಾ ಸ್ಪಷ್ಟವಾಗಿಯೇ ಇತ್ತು! ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಯಿತು. ಕೊನೆಗೆ, ಹಳೆಯ ಪಾಪಗಳನ್ನು ಇನ್ನು ಹೇಳುವುದೇ ಇಲ್ಲ ಅಂತ ಗಟ್ಟಿ ಮನಸ್ಸು ಮಾಡಿದ ದಿನ ಬಿಡುಗಡೆಯಾಯಿತು.

ನಿಮ್ಮ ಪಾಲಿನ ಕಷ್ಟದ ಕೆಲಸ ಒಂದಿದೆ ತಾಯಿ. ಅವನು ಕೇಳಿದಾಗಲೆಲ್ಲ ‘ಹೌದು’ ಅನ್ನುವುದು ಆ ಗೀಳಿಗೆ ಮೇವು ಹಾಕಿದ ಹಾಗೆ. ಹೇಗೆ ನಿಲ್ಲಿಸಬೇಕು, ಬದಲಿಗೆ ಏನು ಹೇಳಬೇಕು ಅಂತ ಡಾಕ್ಟರ್ ಹೇಳಿಕೊಡುತ್ತಾರೆ. ಅಲ್ಲಿಯವರೆಗೆ, ‘ಉತ್ತರ ನಿನಗೆ ಗೊತ್ತು, ಬಾ, ಮಲಗು’ ಅಂತ ತಲೆ ಸವರಿದರೆ ಸಾಕು. ಸಾಯುವ ಮಾತು ಆಡಿದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎಂಟು ವರ್ಷ ದೇವರನ್ನು ಬಿಟ್ಟು ಓಡಾಡಿದೆ. ಈಗ ವಾಪಸ್ ಬರಬೇಕು ಅನ್ನಿಸುತ್ತಿದೆ. ಆದರೆ ಇಬ್ರಿಯರಿಗೆ 6ರಲ್ಲಿ, ಬಿದ್ದವರನ್ನು ಮತ್ತೆ ತಿರುಗಿಸುವುದು ಅಸಾಧ್ಯ ಅಂತಿದೆಯಲ್ಲ?

ಉತ್ತರ: ಆ ವಚನಗಳ ಮೇಲೆ ಪಂಡಿತರ ಕಾದಾಟ ಮುಗಿದಿಲ್ಲ. 1610ರಲ್ಲಿ ಹಾಲೆಂಡಿನ ಪಂಡಿತ ಅರ್ಮಿನಿಯಸ್ ಕಡೆಯವರು ಬಿದ್ದುಹೋಗಲು ಸಾಧ್ಯವಾ ಇಲ್ಲವಾ ಇನ್ನೂ ಪರಿಶೀಲಿಸಬೇಕು ಅಂದರು, 1618–19ರಲ್ಲಿ ಅಲ್ಲಿನ ಡಾರ್ಟ್ ಊರಿನಲ್ಲಿ ಸೇರಿದ ಸಭೆ ದೇವರು ತನ್ನವರನ್ನು ಬಿಡುವುದಿಲ್ಲ ಅಂತ ತೀರ್ಪು ಕೊಟ್ಟಿತು, ವೆಸ್ಲಿ ಬಂದು ಬೀಳಬಹುದು ಅಂದರು. ನಿಮಗೆ ಈಗ ಅದು ಬೇಡ. ಅಲ್ಲಿ ಅಸಾಧ್ಯ ಅಂದದ್ದು ಏನು? ಮತ್ತೆ ದೇವರ ಕಡೆಗೆ ತಿರುಗಿಸುವುದು. ನಿಮಗೆ ಏನಾಗುತ್ತಿದೆ? ತಿರುಗುತ್ತಿದ್ದೀರಿ. ಹಾಗಾದರೆ ಆ ಮಾತು ನಿಮ್ಮ ಬಗ್ಗೆ ಅಲ್ಲ.

ಪೇತ್ರ ಯೇಸುವನ್ನು ಅರಿಯೆ ಅಂದದ್ದು ಇದ್ದಲ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ. ಯೋಹಾನನ ಸುವಾರ್ತೆ 21ರಲ್ಲಿ, ಯೇಸು ಸತ್ತು ಎದ್ದ ಮೇಲೆ, ಪೇತ್ರ ದಡಕ್ಕೆ ಬಂದರೆ ಅಲ್ಲೂ ಇದ್ದಲ ಬೆಂಕಿ. ಇದ್ದಲ ಬೆಂಕಿಗೆ ಇರುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಮಾತ್ರ ಬರುತ್ತದೆ. ಪೇತ್ರನಿಗೆ ಆ ಹೊಗೆಯ ವಾಸನೆಗೇ ಹಳೆಯದೆಲ್ಲ ನೆನಪಾಗಿರಬೇಕು. ಯೇಸು ಬೈಯಲಿಲ್ಲ. ಬನ್ನಿ, ಊಟ ಮಾಡಿ ಅಂದ. ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳಿದ್ದು ಊಟ ಆದಮೇಲೆ. ಈ ಭಾನುವಾರ ಹೋಗಿ, ಹಿಂದಿನ ಸಾಲಿನಲ್ಲಾದರೂ ಕೂತುಕೊಳ್ಳಿ.

ಪ್ರಶ್ನೆ: ನನಗೆ 74. ಮರೆವಿನ ಕಾಯಿಲೆ ಶುರುವಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಮೊನ್ನೆ ಕರ್ತನ ಪ್ರಾರ್ಥನೆ ನಡುವೆ ನಿಂತುಹೋಯಿತು. ಒಂದು ದಿನ ಯೇಸುವಿನ ಹೆಸರೇ ಮರೆತರೆ ನನ್ನ ಗತಿ ಏನು? ಮಗಳ ಹತ್ತಿರ ಬರೆಸುತ್ತಿದ್ದೇನೆ.

ಉತ್ತರ: ಹಿರಿಯರೇ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನನಗೆ ಜಾಸ್ತಿ ಹೊತ್ತು ಹಿಡಿಯಿತು.

ಗಲಾತ್ಯದವರಿಗೆ 4:9ರಲ್ಲಿ ಪೌಲ ಒಂದು ವಾಕ್ಯ ಶುರು ಮಾಡಿ ನಡುವೆಯೇ ತನ್ನನ್ನು ತಾನು ತಿದ್ದಿಕೊಳ್ಳುತ್ತಾನೆ. ಈಗ ನೀವು ದೇವರನ್ನು ಬಲ್ಲಿರಿ ಅಂತ ಬರೆದವನು, ಅದಕ್ಕಿಂತ ದೇವರು ನಿಮ್ಮನ್ನು ಬಲ್ಲನು ಅಂತ ಸೇರಿಸುತ್ತಾನೆ. ಪೌಲ ಪತ್ರ ಹೇಳಿ ಬರೆಸುತ್ತಿದ್ದವನು, ನಿಮ್ಮ ಹಾಗೆಯೇ. ಹೇಳುತ್ತಾ ಹೇಳುತ್ತಾ ಹೊಳೆದಿರಬೇಕು. ನಿಮ್ಮ ತಲೆಯಿಂದ ಆತನ ಹೆಸರು ಹೋದರೂ ಆತನಿಂದ ನಿಮ್ಮ ಹೆಸರು ಹೋಗುವುದಿಲ್ಲ. ತಾಯಿ ಮಗುವನ್ನು ಮರೆತರೂ ನಾನು ಮರೆಯೆ, ಅಂಗೈಯಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ ಅಂತ ಯೆಶಾಯ 49ರಲ್ಲಿ ಇದೆ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ ಅಂತ ಪ್ರೊಟೆಸ್ಟೆಂಟರ ಬೋಧನೆಯ ಪುಸ್ತಕವೊಂದಿದೆ, ಅದರ ಮೊದಲ ಪ್ರಶ್ನೆ, ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಆದರಣೆ ಯಾವುದು ಅಂತ. ಉತ್ತರ ಶುರುವಾಗುವುದು ಹೀಗೆ: ನಾನು ನನ್ನವನಲ್ಲ. ನಾನು ಕ್ರಿಸ್ತನವನು, ದೇಹ ಆತ್ಮ ಎರಡೂ.

ಒಂದು ಕೆಲಸ ಮಾಡಿ, ಈಗ ನೆನಪಿರುವಾಗಲೇ. ನಿಮಗೆ ಇಷ್ಟವಾದ ಕೀರ್ತನೆ ಯಾವುದು, ಯಾವ ಹಾಡು ಹಾಡಬೇಕು ಅಂತ ಮಗಳ ಹತ್ತಿರ ಒಂದು ಹಾಳೆಯಲ್ಲಿ ಬರೆಸಿ ಬೈಬಲಿನಲ್ಲಿ ಇಡಿ. ದಿನಾ ಒಂದು ಹೊತ್ತು ಅದನ್ನು ನಿಮ್ಮ ಪಕ್ಕ ಕೂತು ಓದಲಿ. ನಿಮಗೆ ಬಂದಷ್ಟು ಕಡೆ ದನಿ ಸೇರಿಸಿ. ನಡುವೆ ನಿಂತುಹೋದರೆ ಉಳಿದದ್ದನ್ನು ಅವಳು ಹೇಳಲಿ, ಕೊನೆಗೆ ನೀವು ಆಮೆನ್ ಅಂದರೆ ಸಾಕು. ಆಮೆನ್ ಕೂಡ ಮರೆತ ದಿನ ಅದನ್ನೂ ಅವಳೇ ಅನ್ನಲಿ. ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತಂದು ಚಾವಣಿ ಕಿತ್ತು ಇಳಿಸಿದಾಗ ಯೇಸು ‘ಮಗನೇ, ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ’ ಅಂದನಲ್ಲ, ಹಾಸಿಗೆಯ ಮೇಲಿದ್ದವನು ಬಾಯಿಯನ್ನೇ ತೆರೆದಿರಲಿಲ್ಲ. ಯೇಸು ನೋಡಿದ್ದು ‘ಅವರ ನಂಬಿಕೆಯನ್ನು’ ಅಂತ ಮಾರ್ಕ 2:5ರಲ್ಲಿ ಬರೆದಿದೆ. ಅದನ್ನು ಮಗಳಿಗೂ ಓದಲು ಹೇಳಿ.